ಕಿವಿ ಚುಚ್ಚಿಸ್ಕೊಂಡೋರಿಗೆ ಮೆಡಿಕಲ್ ಶಾಪಿನ ಸಲೈನೇ ಸಾಕು, ಮಲ್ನಾಡ್ ಮಳೇಲೂ (4/5)

ಹೆಲಿಕ್ಸ್, ಅಂದ್ರೆ ಕಿವಿಯ ಮೇಲಿನ ಗಟ್ಟಿ ಅಂಚು, ಅಲ್ಲಿ ಚುಚ್ಚಿಸ್ಕೊಂಡು ಮಳೆಗಾಲ ಪೂರ್ತಿ ಶಿವಮೊಗ್ಗ ತೀರ್ಥಹಳ್ಳಿ ಅಂತ ಓಡಾಡಿದೀನಿ, ಗಾಯಕ್ಕೆ ಹಾಕಿದ್ದು ಒಂದೇ ವಸ್ತು, ನಾರ್ಮಲ್ ಸಲೈನ್. ಆಸ್ಪತ್ರೇಲಿ ಡ್ರಿಪ್ ಹಾಕ್ತಾರಲ್ಲ ಅದೇ. 0.9% ಉಪ್ಪು, ಉಳಿದಿದ್ದು ನೀರು, ಬೇರೆ ಎಂತದೂ ಇಲ್ಲ. ನಮ್ಮ ರಕ್ತದ ಉಪ್ಪಿನಂಶಕ್ಕೆ ಹತ್ರ ಇರೋದ್ರಿಂದ ಹಸಿ ಗಾಯಕ್ಕೆ ಉರಿ ಆಗಲ್ಲ. ಆನ್‌ಲೈನಲ್ಲಿ ಪಿಯರ್ಸಿಂಗ್ ಸ್ಪ್ರೇ ಅಂತ ನೂರಾರು ರೂಪಾಯಿಗೆ ಮಾರ್ತಾರೆ, ಅದ್ರಲ್ಲಿ ಒಂದಷ್ಟಕ್ಕೆ ಟೀ ಟ್ರೀ ಎಣ್ಣೆ, ಸುವಾಸನೆ ಎಲ್ಲ ಸೇರ್ಸಿರ್ತಾರೆ, ಗಾಯಕ್ಕೆ ಸುವಾಸನೆ ಯಾಕೆ ಬೇಕು ಮಾರ್ರೆ?

ತಗೊಳೋವಾಗ ಲೇಬಲ್ ಓದಿ, ಇದು ಮುಖ್ಯ. ನಾನು ಅಂಗಡೀಲಿ "ಎನ್ಎಸ್ ಕೊಡಿ" (ನಾರ್ಮಲ್ ಸಲೈನ್‌ಗೆ ಅಂಗಡಿಯೋರ ಶಾರ್ಟ್ ಹೆಸರು) ಅಂದೆ, ಅವರು "ಡ್ರಿಪ್ ಯಾರಿಗೆ ಮೇಡಂ?" ಅಂತ ಕೇಳ್ತಾ ಡಿಎನ್ಎಸ್ ಬಾಟ್ಲಿ ತೆಗೆದು ಕೌಂಟರ್ ಮೇಲಿಟ್ರು. ಡಿಎನ್ಎಸ್ ಅಂದ್ರೆ ಉಪ್ಪಿನ ಜೊತೆ ಡೆಕ್ಸ್ಟ್ರೋಸ್, ಅಂದ್ರೆ ಸಕ್ಕರೆ, ಗಾಯದ ಮೇಲೆ ಸಕ್ಕರೆ ನೀರು ಹಾಕಿ ಅಂಟಂಟು ಮಾಡ್ಕೊಳೋದು ಬೇಡ. 3% ಸಲೈನ್ ಅಂತಾನೂ ಒಂದಿದೆ, ಅದು ಸಿಕ್ಕಾಪಟ್ಟೆ ಉಪ್ಪು. ಇನ್ನು 10 ಎಂಎಲ್ ಪ್ಲಾಸ್ಟಿಕ್ ಆಂಪ್ಯೂಲ್, ಅಂದ್ರೆ ತುದಿ ಮುರಿದು ಬಳಸೋ ಪುಟಾಣಿ ಬಾಟ್ಲಿ, ಕೇಳಿದ್ರೆ ಪಕ್ಕದಲ್ಲೇ ಉಪ್ಪಿಲ್ಲದ ಬರೀ ನೀರಿನ ಇಂಜೆಕ್ಷನ್ ವಾಟರ್ ಆಂಪ್ಯೂಲೂ ಇರತ್ತೆ, ನೋಡೋಕೆ ಅವಳಿ ಜವಳಿ. ಸೋಡಿಯಂ ಕ್ಲೋರೈಡ್ 0.9% ಅಂತ ಇದ್ರೆ ಮಾತ್ರ ತಗೊಳಿ.

ನನ್ನ ಓಟು ಆಂಪ್ಯೂಲ್‌ಗೆ. ದೊಡ್ಡ ಬಾಟ್ಲಿ ಅಗ್ಗ ನಿಜ, ಆದ್ರೆ ಇದ್ರಲ್ಲಿ ಕೆಡದೇ ಇರೋಕೆ ಹಾಕೋ ಕೆಮಿಕಲ್ ಯಾವ್ದೂ ಇರಲ್ಲ, ಒಂದ್ಸಲ ಓಪನ್ ಮಾಡಿದ್ಮೇಲೆ ಫ್ರಿಜ್ಜಲ್ಲಿಟ್ಟು ವಾರಗಟ್ಲೆ ಬಳಸೋ ಹಾಗಿಲ್ಲ, ಉಳಿದಿದ್ದನ್ನ ಅವತ್ತೇ ಚೆಲ್ಲಬೇಕು. ಒಂದು ಸ್ಟಾರ್ ಕಮ್ಮಿ ಮಾಡಿದ್ದು ಇದಕ್ಕೇ. ಸ್ಪ್ರೇ ತರ ಪುಸ್ ಅಂತ ಹೊಡ್ಕೊಳೋಕೂ ಬರಲ್ಲ, ಕೂತ್ಕೊಂಡು ಮಾಡೋ ಕೆಲಸ.

ಮಾಡೋದು ಹೀಗೆ, ಕೈ ಸೋಪಲ್ಲಿ ತೊಳೆದು, ಆಂಪ್ಯೂಲ್ ತುದಿ ತಿರುಗಿಸಿ ಮುರಿದು, ಗಾಜ್ ಬಟ್ಟೆ, ಅಂದ್ರೆ ಗಾಯಕ್ಕೆ ಬಳಸೋ ತೆಳು ಬಟ್ಟೆ, ನೆನೆಸಿ ಕಿವಿಗೆ ಮುಂದೆ ಹಿಂದೆ ಒತ್ತಿ ಹಿಡ್ಕೊಳಿ. ಹತ್ತಿ ಬೇಡ, ಎಳೆ ಸ್ಟಡ್ಡಿಗೆ ಸುತ್ಕೊಳತ್ತೆ. ಸ್ಟಡ್ಡಿನ ಸುತ್ತ ಕಟ್ಟೋ ಬಿಳಿ ಹಳದಿ ಹೆಕ್ಕಳಿಕೆ ಇದ್ಯಲ್ಲ, ಅದು ಕೀವಲ್ಲ, ಗಾಯದಿಂದ ಒಸರೋ ನೀರು ಒಣಗಿದ್ದು, ಎರಡು ಮೂರು ನಿಮಿಷಕ್ಕೆ ಮೆತ್ತಗಾಗಿ ತಾನೇ ಬಿಡತ್ತೆ, ಉಗುರಲ್ಲಿ ಕೆರೀಬೇಡಿ, ಸ್ಟಡ್ ತಿರುಗಿಸ್ಲೂಬೇಡಿ. ತಿರುಗಿಸದಿದ್ರೆ ಅಂಟ್ಕೊಳತ್ತೆ ಅಂತ ಹೇಳೋರು ಇನ್ನೂ ಇದಾರೆ, ತಿರುಗಿಸಿದಾಗೆಲ್ಲ ಒಳಗೆ ಕಟ್ಟೋ ಎಳೇ ಚರ್ಮ ಹರಿಯತ್ತೆ ಅಷ್ಟೇ. ದಿನಕ್ಕೆ ಎರಡು ಸಲ ಸಾಕು. ಡೆಟಾಲು, ಸ್ಪಿರಿಟ್ಟು, ಹೈಡ್ರೋಜನ್ ಪೆರಾಕ್ಸೈಡು ಯಾವ್ದೂ ಬೇಡ, ಅವು ಹೊಸ ಚರ್ಮಾನೂ ಸುಡ್ತವೆ.

ಅಜ್ಜಿಗೆ ಇದ್ಯಾವ್ದೂ ಒಪ್ಪಿಗೆ ಇರ್ಲಿಲ್ಲ. "ಎಂತದೇ ಅದು ಉಪ್ಪುನೀರು, ಕೊಬ್ರಿ ಎಣ್ಣೆಗೆ ಚೂರು ಅರಿಶಿನ ಕಲ್ಸಿ ಹಚ್ಚೇ ಮಾರಾಯ್ತಿ" ಅಂತ ದಿನಾ ಹೇಳೋರು. ಅವರ ಕಾಲದಲ್ಲಿ ಆಚಾರ್ರು ಚಿನ್ನದ ತಂತೀಲಿ ಚುಚ್ತಿದ್ದಿದ್ದು ಕಿವಿ ಹಾಲೆಗೆ, ಅಲ್ಲಿ ರಕ್ತ ಚೆನ್ನಾಗಿ ಹರಿಯತ್ತೆ, 6-8 ವಾರಕ್ಕೆ ಮಾಯತ್ತೆ, ಎಣ್ಣೆ ಹಚ್ಚಿದ್ರೂ ನಡೀತು. ಮೇಲಿನ ಅಂಚು ಮೃದ್ವಸ್ಥಿ, ಅಂದ್ರೆ ಬಾಗೋ ಮೆದು ಎಲುಬು (ಕಾರ್ಟಿಲೇಜ್), ರಕ್ತ ಕಮ್ಮಿ, 6 ರಿಂದ 12 ತಿಂಗಳು ಹಿಡಿಯತ್ತೆ, ಎಣ್ಣೆ ಹಚ್ಚಿದ್ರೆ ಧೂಳೂ ಹೆಕ್ಕಳಿಕೇನೂ ಒಳಗೇ ಕೂರತ್ತೆ.

ಆದ್ರೆ ನಿಜ ಹೇಳ್ಬೇಕು ಅಂದ್ರೆ ನಮ್ಮೂರಲ್ಲಿ ತೊಂದ್ರೆ ಕೊಡೋದು ತೇವ. ಸಲೈನ್ ಹಾಕೋದು ಅರ್ಧ ಕೆಲಸ, ಒಣಗಿಸೋದು ಇನ್ನರ್ಧ. ಆಷಾಢದಲ್ಲಿ ಟವೆಲ್ ಎಲ್ಲಿ ಒಣಗತ್ತೆ ಹೇಳಿ? ಬಚ್ಚಲ ಒಲೆ ಮೇಲಿನ ಹಗ್ಗದಲ್ಲಿ ಎರಡು ದಿನ ನೇತಾಕಿದ್ರೂ ಹೊಗೆ ವಾಸನೆ ಜೊತೆ ಮುಗ್ಗಲು ವಾಸನೆ, ಅದ್ರಲ್ಲಿ ಕಿವಿ ಒರೆಸಿದ್ರೆ ತೊಳೆದಿದ್ದೆಲ್ಲ ದಂಡ. ಒಣ ಗಾಜ್ ಬಟ್ಟೇಲೇ ಒತ್ತಿ ಒಣಗಿಸಿ, ಕರೆಂಟ್ ಇದ್ರೆ ಹೇರ್ ಡ್ರೈಯರ್ ತಣ್ಣನೆ ಗಾಳಿ ಬಿಡಿ. ಒದ್ದೆ ಕೂದಲು ಕಿವಿ ಮೇಲೆ ಬೀಳದ ಹಾಗೆ ಎತ್ತಿ ಕಟ್ಟಿ, ದಿಂಬಿನ ಕವರಿನ ಮೇಲೆ ದಿನಾ ಒಣಗಿದ ಕಾಟನ್ ಬಟ್ಟೆ ಹಾಸಿ, ಆ ಮಗ್ಗುಲಿಗೆ ಮಲಗ್ಬೇಡಿ. ಸ್ವೆಟರ್ ಉಣ್ಣೆ, ಜರ್ಕಿನ್ ಟೋಪಿ, ಹೆಲ್ಮೆಟ್ ಎಲ್ಲ ಸ್ಟಡ್ಡಿಗೆ ಸಿಕ್ಕಾಕೊಳತ್ತೆ, ಬೈಕಲ್ಲಿ ದಿನಾ ಓಡಾಡೋರು ಚುಚ್ಚಿಸೋ ಮುಂಚೆ ಯೋಚ್ನೆ ಮಾಡಿ. ಗಾಯ ಮಾಯೋವರೆಗೆ ತುಂಗೇಲಿ ಮುಳುಗೋದು ಬೇಡ, ತೀರ್ಥಹಳ್ಳಿ ಎಳ್ಳಮಾಸೆ ಜಾತ್ರೆ ಆದ್ರೂ ಸರಿ, ತಲೆ ಮೇಲೆ ನೀರು ಪ್ರೋಕ್ಷಣೆ ಸಾಕು.

ದುಡ್ಡು ಹಾಕೋದಿದ್ರೆ ಸ್ಟಡ್ಡಿಗೆ ಹಾಕಿ. ಸರ್ಜಿಕಲ್ ಸ್ಟೀಲಲ್ಲಿ ನಿಕ್ಕಲ್ ಇರತ್ತೆ, ಅಲರ್ಜಿ ಇರೋರಿಗೆ ಕಡಿಯತ್ತೆ, ಇಂಪ್ಲಾಂಟ್ ದರ್ಜೆ (ಮೈಯೊಳಗೆ ಕೂರಿಸೋಕೆ ಬಳಸೋ ಗುಣಮಟ್ಟದ) ಟೈಟಾನಿಯಂ ಒಳ್ಳೇದು. ಗನ್ನಲ್ಲಿ ಹೊಡೆಯೋ ಅಂಗಡಿ ಆದ್ರೆ ಮೇಲಿನ ಕಿವಿಗೆ ಬೇಡವೇ ಬೇಡ, ಸೂಜೀನೇ ಸರಿ, ಗನ್ನಿನ ಮೊಂಡ ಸ್ಟಡ್ ಮೃದ್ವಸ್ಥೀನ ಜಜ್ಜತ್ತೆ. ಮೊದಲು ಊತಕ್ಕೆ ಜಾಗ ಇರಲಿ ಅಂತ ಉದ್ದದ ಕಡ್ಡಿ ಹಾಕಿರ್ತಾರೆ, ಊತ ಇಳಿದ ಮೇಲೆ ಹೋಗಿ ಚಿಕ್ಕದು ಹಾಕಿಸ್ಕೊಳಿ, ಇಲ್ಲಾಂದ್ರೆ ಕೂದಲಿಗೆ ಸಿಕ್ಕಿ ಸಿಕ್ಕಿ ತೂತೇ ಓರೆ ಆಗತ್ತೆ.

ಸಲೈನ್ ಗಾಯ ತೊಳೆಯತ್ತೆ, ಸೋಂಕು ವಾಸಿ ಮಾಡಲ್ಲ. ಕಿವಿ ಕೆಂಪಗೆ ಹರಡ್ತಿದ್ರೆ, ಮುಟ್ಟಿದ್ರೆ ಬಿಸಿ, ಹಸಿರು ಕೀವು, ಜ್ವರ ಇದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ರದ ಇಎನ್‌ಟಿ ಡಾಕ್ಟರ್ ಹತ್ರಾನೋ ಅವತ್ತೇ ಹೋಗಿ, ಸ್ಟಡ್ ನೀವೇ ಕಿತ್ತುಬಿಡ್ಬೇಡಿ, ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು. ಆಂಪ್ಯೂಲ್ ಸಣ್ಣ ಮೆಡಿಕಲಲ್ಲಿ ಇಲ್ಲ ಅಂದ್ರೆ ಆಸ್ಪತ್ರೆ ಎದುರಿನ ಅಂಗಡೀಲಿ ಕೇಳಿ, ಎಕ್ಸ್‌ಪೈರಿ ಡೇಟ್ ನೋಡಿ ಒಟ್ಟಿಗೇ ಒಂದಷ್ಟು ತಂದಿಟ್ಕೊಳಿ, ಮಳೇಲಿ ದಿನಾ ಯಾರು ಪೇಟೆಗೆ ಹೋಗ್ತಾರೆ.