ಮೀಲ್‌ವರ್ಮ್ ಡಬ್ಬಿ ಗೋಡೆ ಮೇಲೆ ಕಾಣೋ ಪುಡಿ ಬರೀ ಪುಡಿ ಅಲ್ಲ ಕಣ್ರೀ

ಮನೇಲಿ ಗೆಕ್ಕೊನೋ ಬಿಯರ್ಡೆಡ್ ಡ್ರ್ಯಾಗನ್ನೋ, ಅಂದ್ರೆ ಹಲ್ಲಿ ಓತಿಕ್ಯಾತ ಥರದ ಪ್ರಾಣಿ ಸಾಕಿರೋರು ಯಾರಾದ್ರೂ, ಅದರ ಊಟಕ್ಕೆ ಮೀಲ್‌ವರ್ಮ್ ಅನ್ನೋ ಹುಳ ತಂದು ತಂದು ಸಾಕಾಗಿ "ನಾನೇ ಬೆಳೆಸ್ಕೊಂಡ್ಬಿಡ್ತೀನಿ" ಅಂತ ಹೊರಟಿದ್ರೆ ಮೊದ್ಲು ನನ್ ಕಥೆ ಕೇಳಿ. ಐದು ತಿಂಗಳು ಸಾಕಿದ ನಾಲ್ಕು ಡಬ್ಬಿ ಹುಳನ ಒಂದೇ ದಿನ ಕಸಕ್ಕೆ ಹಾಕ್ದೋನು ನಾನು.

ಶುರುನಲ್ಲಿ ಏನೂ ಕಷ್ಟ ಅನ್ನಿಸ್ಲಿಲ್ಲ. ಅಗಲವಾದ ಪ್ಲಾಸ್ಟಿಕ್ ಡಬ್ಬಿ, ಮೂರು ಬೆರಳು ದಪ್ಪ ಗೋಧಿ ಬೂಸಾ, ಮೇಲೆ ನಾಲ್ಕು ಚೂರು ಕ್ಯಾರೆಟ್, ಅಷ್ಟೇ. ನಾವು ಹುಳ ಅಂತೀವಿ, ಅದು ಒಂದು ಕರಿ ದುಂಬಿಯ ಮರಿ. ದುಂಬಿ ಬೂಸಾ ಒಳಗೆ ಮೊಟ್ಟೆ ಇಡತ್ತೆ, ಒಂದೊಂದು ಹೆಣ್ಣು ನೂರಾರು ಇಡತ್ತೆ, ಒಂದೆರಡು ವಾರಕ್ಕೆ ಕೂದಲೆಳೆ ಥರದ ಮರಿ ಬರ್ತವೆ, ತಿನ್ನೋದು ಪೊರೆ ಬಿಡೋದು ಮತ್ತೆ ತಿನ್ನೋದು, ಎರಡು ಮೂರು ತಿಂಗಳಿಗೆ ಒಂದಿಂಚು ಉದ್ದ ಆಗಿ ಪ್ಯೂಪಾ ಆಗ್ತವೆ, ಅಂದ್ರೆ ದುಂಬಿ ಆಗೋಕೆ ಮುಂಚಿನ ಕೋಶದ ಹಂತ. ಪ್ಯೂಪಾ ಪಾಪ ಓಡಕ್ಕಾಗಲ್ಲ ಕಚ್ಚಕ್ಕಾಗಲ್ಲ, ಮುಟ್ಟಿದ್ರೆ ಹೊಟ್ಟೆ ಕೊಂಕಿಸತ್ತೆ ಅಷ್ಟೇ. ಎಲ್ಲಾ ಒಂದೇ ಡಬ್ಬಿಲಿ ಬಿಟ್ಟಿದ್ದೆ, ಉಳಿದ ಹುಳಗಳೇ ಅವನ್ನ ಅರ್ಧಂಬರ್ಧ ತಿಂದು ಹಾಕಿದ್ವು. ಆಮೇಲೆ ದುಂಬಿಗೊಂದು, ಪ್ಯೂಪಾಗೊಂದು, ಮರಿಗೊಂದು, ದೊಡ್ಡ ಹುಳಕ್ಕೊಂದು ಅಂತ ನಾಲ್ಕು ಡಬ್ಬಿ ಮಾಡ್ದೆ. ಇಲ್ಲಿವರೆಗೂ ಸರಿ.

ನಿಜವಾದ ಎಡವಟ್ಟು ನೀರಿಂದ ಆಗಿದ್ದು. ಸ್ವಲ್ಪ ತೇವ ಇದ್ರೆ ದುಂಬಿ ಜಾಸ್ತಿ ಮೊಟ್ಟೆ ಇಡತ್ತೆ ಅಂತ ಯಾರೋ ಹೇಳಿದ್ರು, ಸುಳ್ಳೇನಲ್ಲ, ಆದ್ರೆ ನಾನು ಆ "ಸ್ವಲ್ಪ" ಅನ್ನೋ ಪದನೇ ಕಿವಿಗೆ ಹಾಕ್ಕೊಳ್ದೆ ದಿನಾ ಸೌತೆಕಾಯಿ ತುಂಬಿ, ಮೇಲೆ ಸ್ಪ್ರೇ ಬಾಟ್ಲಿಲಿ ನೀರು ಚಿಮುಕಿಸಿ, ದುಂಬಿ ಹಾರೋಗ್ಬಿಟ್ರೆ ಅಂತ ಮುಚ್ಚಳನೂ ಬಿಗಿಯಾಗಿ ಹಾಕಿಟ್ಟೆ. ಅಸಲಿಗೆ ಅವು ನುಣ್ಣಗಿರೋ ಪ್ಲಾಸ್ಟಿಕ್ ಹತ್ತಲ್ಲ, ರೆಕ್ಕೆ ಇದ್ರೂ ಹಾರೋದು ತೀರಾ ಅಪರೂಪ. ಮುಚ್ಚಳ ಬೇಕಾಗೇ ಇರ್ಲಿಲ್ಲ.

ಎರಡು ವಾರ ಆದ್ಮೇಲೆ ಡಬ್ಬಿ ಒಳಗೋಡೆ ಮೇಲೆ ತೆಳ್ಳಗೆ ಕಂದು ಬಣ್ಣದ ಪುಡಿ ಕಾಣಿಸ್ತು. ಹುಳದ ಹಿಕ್ಕೆನೂ ಪುಡಿ ಥರಾನೇ ಇರತ್ತಲ್ಲ, ಅದೇ ಅಂದ್ಕೊಂಡು ಬೆರಳಲ್ಲಿ ಒಂದು ಗೆರೆ ಒರೆಸ್ದೆ. ಇನ್ನೊಂದು ಡಬ್ಬಿಗೆ ಕ್ಯಾರೆಟ್ ಹೆಚ್ಚಿ ಹಾಕಿ ತಿರುಗಿ ಬರೋಷ್ಟ್ರಲ್ಲಿ ಗೆರೆ ಇಲ್ಲ, ಮುಚ್ಚೋಗಿದೆ. ಪುಡಿ ತಾನಾಗೇ ಮೇಲಕ್ಕೆ ಹತ್ತತ್ತಾ? ಒಂದ್ ಚಿಟಿಕೆ ತೆಗ್ದು ಕರಿ ಪೇಪರ್ ಮೇಲೆ ಗುಡ್ಡೆ ಮಾಡಿ ಮೊಬೈಲ್ ಟಾರ್ಚ್ ಹಿಡ್ಕೊಂಡು ನೋಡ್ತಾ ಕೂತೆ, ಗುಡ್ಡೆ ಮೆಲ್ಲಗೆ ಚಪ್ಪಟೆ ಆಗ್ತಾ ಅಂಚು ಹರಡ್ಕೊಂತು. ಬೆರಳಲ್ಲಿ ಉಜ್ಜಿದ್ರೆ ಪುದೀನ ಥರ ವಾಸನೆ. ನುಸಿ ಅದು, ಕಾಳು ಹಿಟ್ಟಿಗೆ ಬೀಳೋ ಗ್ರೇನ್ ಮೈಟ್. ಲಕ್ಷಗಟ್ಲೆ. ಮೈಯೆಲ್ಲಾ ಜುಂ ಅಂತು.

ಉಳಿದ ಮೂರು ಡಬ್ಬಿಗೂ ಹತ್ತಿಸಿದ್ದು ಯಾರು ಅಂದ್ರೆ ನಾನೇ, ಒಂದೇ ಜರಡಿ, ಒಂದೇ ಚಮಚ, ಅದೇ ಕೈ. ನುಸಿ ಮೊದ್ಲು ಎಲ್ಲಿಂದ ಬಂತು ಅಂತ ಹುಡುಕಿದ್ರೆ ಅದೂ ನನ್ ತಪ್ಪೇ, ಬೂಸಾನ ತಂದ ಹಾಗೇ ಸುರ್ದಿದ್ದೆ, ಒಂದು ವಾರ ಫ್ರೀಜರಲ್ಲಿಟ್ಟು ಆಮೇಲೆ ಹೊರಗೆ ತೆಗ್ದು, ಪೊಟ್ಟಣ ಬಿಚ್ದೆ ಹಂಗೇ ರೂಮಿನ ಬಿಸಿಗೆ ಬಂದ್ಮೇಲೆ ಬಳಸ್ಬೇಕಿತ್ತು. ತಣ್ಣಗಿರೋವಾಗ್ಲೇ ಬಿಚ್ಚಿದ್ರೆ ಬೂಸಾ ನೀರು ಹೀರ್ಕೊಂಡು ಮತ್ತೆ ಅದೇ ಗೋಳು.

ಉಳಿಸ್ಕೊಳ್ಳಕ್ಕೆ ನೋಡ್ದೆ, ಇಲ್ಲ ಅನ್ನಲ್ಲ. ನೂರು ದೊಡ್ಡ ಹುಳ ಆರ್ಸಿ, ತಣ್ಣೀರಲ್ಲಿ ಜಾಲಿಸಿ, ಬಟ್ಟೆ ಮೇಲೆ ಆರಿಸಿ, ಹೊಸ ಡಬ್ಬಿಗೆ ಹಾಕ್ದೆ. ಒಂಬತ್ತನೇ ದಿನ ಗೋಡೆ ಮೇಲೆ ಮತ್ತೆ ಪುಡಿ. ಈ ನುಸಿಗೆ ಒಣಗಿದ್ರೂ ಸಾಯ್ದೆ ಕಾಯ್ಕೊಂಡಿರೋ ಒಂದು ಹಂತ ಇದೆ, ಬೇರೆ ಹುಳದ ಮೈಗೆ ಅಂಟ್ಕೊಂಡು ಸವಾರಿನೂ ಮಾಡತ್ತೆ. ಔಷಧಿ ಹೊಡಿಯೋ ಯೋಚನೆ ಮಾತ್ರ ಮಾಡ್ಬೇಡಿ, ಕೊನೆಗೆ ಆ ಹುಳ ಹೋಗೋದು ನಿಮ್ ಪ್ರಾಣಿ ಹೊಟ್ಟೆಗೆ. ಎಲ್ಲಾ ಕವರಿಗೆ ಸುರ್ದು, ಗಂಟು ಹಾಕಿ, ಎರಡು ದಿನ ಫ್ರೀಜರಲ್ಲಿಟ್ಟು ಆಮೇಲೆ ಎಸ್ದೆ. ಜೀವ ಇರೋವಾಗ್ಲೇ ಆಚೆ ಸುರೀಬೇಡಿ, ದುಂಬಿನೂ ಕಾಳಿಗೆ ಬೀಳೋ ಕೀಟನೇ.

ಇಷ್ಟರ ಮಧ್ಯೆ ನಂಗೆ ಬೆಳಗ್ಗೆ ಸಂಜೆ ಸೀನು, ಕಣ್ಣು ಕೆರೆತ. ಶೀತ ಅಂತ ಮಾತ್ರೆ ನುಂಗ್ತಿದ್ದೆ. ಡಬ್ಬಿ ಜರಡಿ ಹಿಡಿದ ದಿನಾನೇ ಜಾಸ್ತಿ ಆಗತ್ತೆ ಅಂತ ಹೊಳಿಯಕ್ಕೆ ತಿಂಗಳು ಬೇಕಾಯ್ತು. ಪೊರೆ, ಹಿಕ್ಕೆ ಧೂಳು, ನುಸಿ, ಎಲ್ಲಾ ಅಲರ್ಜಿ ತರೋವೇ. ಡಸ್ಟ್ ಮೈಟ್ ಅಲರ್ಜಿ, ಸಿಗಡಿ ಅಲರ್ಜಿ ಇರೋರಂತೂ ಮಾಸ್ಕ್ ಇಲ್ದೆ ಕೈ ಹಾಕ್ಲೇಬೇಡಿ, ಮಲಗೋ ರೂಮಲ್ಲಿ ಡಬ್ಬಿ ಇಡ್ಲೇಬೇಡಿ.

ಇನ್ನೊಂದು, ಬರಿಯಕ್ಕೆ ನಾಚಿಕೆ ಆಗತ್ತೆ. ಹುಳ ಕೈತುಂಬಾ ಇದ್ದಿದ್ರಿಂದ ಗೆಕ್ಕೊಗೆ ಬೇರೆ ಏನೂ ಕೊಡ್ದೆ ಬರೀ ಅದನ್ನೇ ಹಾಕ್ದೆ, ಕ್ಯಾಲ್ಸಿಯಂ ಪುಡಿ ಉದುರ್ಸೋದು ದಿನ ಬಿಟ್ಟು ದಿನ ಆಗಿ ವಾರಕ್ಕೊಂದ್ಸಲ ಆಯ್ತು. ಮೀಲ್‌ವರ್ಮಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ. ಒಂದಿನ ಅದು ನಡೀವಾಗ ಮುಂಗಾಲು ನಡುಗ್ತಾ ಇತ್ತು, ಹೊಟ್ಟೆ ನೆಲಕ್ಕೆ ತಾಗ್ತಿತ್ತು. ಡಾಕ್ಟ್ರು ಎಕ್ಸ್‌ರೇ ತೋರ್ಸಿ ಮೂಳೆ ಸವೀತಿದೆ ಅಂದ್ರು. ಈಗ ಪರವಾಗಿಲ್ಲ, ಆದ್ರೆ ಎಡಗಾಲು ಸ್ವಲ್ಪ ಸೊಟ್ಟನೇ ಉಳೀತು.

ಮತ್ತೆ ಶುರು ಮಾಡಿದೀನಿ, ಬುದ್ಧಿ ಬಂದಿಲ್ಲ ಅನ್ಕೊಳ್ಳಿ. ಹೊಸ ಹುಳ ಬಂದ್ರೆ ಎರಡು ವಾರ ಬೇರೆ ರೂಮಲ್ಲಿಟ್ಟು ನೋಡ್ತೀನಿ, ಮುಚ್ಚಳದ ಬದಲು ಜಾಲರಿ, ಸೌತೆಕಾಯಿ ಬಂದ್, ಕ್ಯಾರೆಟ್ ಚೂರು ಹಾಕಿದ ಮಾರನೇ ದಿನ ಉಳಿದಿದ್ರೆ ಆಚೆ, ಒಂದೊಂದು ಡಬ್ಬಿಗೂ ಒಂದೊಂದು ಚಮಚ. ಡಬ್ಬಿ ಇಟ್ಟಿರೋ ಸ್ಟ್ಯಾಂಡಿನ ನಾಲ್ಕು ಕಾಲೂ ಸೋಪು ನೀರಿನ ಬಟ್ಟಲಲ್ಲಿ ನಿಂತಿವೆ. ಫ್ರೀಜರ್ ತೆಗ್ದು ಐಸ್‌ಕ್ರೀಂ ಪಕ್ಕ ಬೂಸಾ ಪೊಟ್ಟಣ ನೋಡಿದ್ರೂ ಮನೆಯವರು ಈಗ ಏನೂ ಕೇಳಲ್ಲ, ಸುಮ್ನೆ ಬಾಗ್ಲು ಹಾಕ್ತಾರೆ.