ಹಳೆಯ ಸಿಜಿಐ ಸ್ಕ್ರಿಪ್ಟನ್ನು ಹಾಗ್ಹಾಗೇ ಮಾಡ್‌ಪರ್ಲ್‌ಗೆ ಹಾಕಬೇಡಿ

ಪರ್ಲ್‌ನಲ್ಲಿ ಬರೆದ ಹಳೆಯ ಸಿಜಿಐ ಸ್ಕ್ರಿಪ್ಟುಗಳು (ಪುಟ ಕೇಳಿದಾಗಲೆಲ್ಲ ವೆಬ್ ಸರ್ವರ್ ಓಡಿಸುವ ಪ್ರೋಗ್ರಾಮುಗಳು) ನಿಧಾನ ಅಂತ ಅವನ್ನು ಮಾಡ್‌ಪರ್ಲ್‌ಗೆ, ಅಂದರೆ ಅಪಾಚೆ ವೆಬ್ ಸರ್ವರಿನೊಳಗೇ ಪರ್ಲ್ ಓಡಿಸುವ ವ್ಯವಸ್ಥೆಗೆ, ಸಾಗಿಸುವ ಯೋಚನೆಯಲ್ಲಿದ್ದೀರಾ? ಸರ್ವರ್ ಕಾನ್ಫಿಗ್ ಮುಟ್ಟುವ ಮೊದಲು ಇದನ್ನು ಓದಿಬಿಡಿ. ನನ್ನ ಅವಸರದಿಂದ ಒಬ್ಬ ಸದಸ್ಯರ ವಿಳಾಸ, ಫೋನ್ ನಂಬರ್, ಬಾಕಿ ಹಣ ಎಲ್ಲವೂ ಗೊತ್ತೇ ಇಲ್ಲದ ಇನ್ನೊಬ್ಬರ ಪರದೆಯ ಮೇಲೆ ಬಂತು. ಒಮ್ಮೆ ಅಲ್ಲ, ಹಲವು ಸಲ.

ಸದಸ್ಯರು ಲಾಗಿನ್ ಆಗಿ ತಮ್ಮ ಖಾತೆ ನೋಡಿಕೊಳ್ಳುವ ಸೈಟ್ ಅದು. ಸಿಜಿಐನಲ್ಲಿ ಪುಟ ಕೇಳಿದಾಗಲೆಲ್ಲ ಪರ್ಲ್ ಹೊಸದಾಗಿ ಶುರುವಾಗಬೇಕು, ಮಾಡ್ಯೂಲುಗಳನ್ನೆಲ್ಲ (ಬೇರೆ ಫೈಲುಗಳಲ್ಲಿರುವ ಕೋಡ್) ಲೋಡ್ ಮಾಡಬೇಕು, ಪುಟ ಕೊಟ್ಟು ಸಾಯಬೇಕು. ಮಾಡ್‌ಪರ್ಲ್‌ನ ರಿಜಿಸ್ಟ್ರಿ ಹ್ಯಾಂಡ್ಲರ್ (ಹಳೆಯ ಸ್ಕ್ರಿಪ್ಟುಗಳನ್ನು ಓಡಿಸಿಕೊಡುವ ಭಾಗ) ಹಾಗಲ್ಲ. ಸ್ಕ್ರಿಪ್ಟನ್ನು ಒಮ್ಮೆ ಕಂಪೈಲ್ ಮಾಡಿ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಕಾನ್ಫಿಗ್‌ಗೆ ನಾಲ್ಕೈದು ಸಾಲು ಸೇರಿಸಿದೆ, ಅಪಾಚೆ ರೀಸ್ಟಾರ್ಟ್ ಮಾಡಿದೆ. ಸೈಟ್ ಎಷ್ಟು ಚುರುಕಾಯಿತು ಅಂದರೆ ಎಲ್ಲರೂ ಖುಷಿಪಟ್ಟರು. ಸ್ಕ್ರಿಪ್ಟಿನ ಒಂದಕ್ಷರವನ್ನೂ ನಾನು ಬದಲಿಸಿರಲಿಲ್ಲ. ತಪ್ಪಾಗಿದ್ದು ಅಲ್ಲೇ.

ಎರಡನೇ ದಿನ ಒಬ್ಬರು ಫೋನ್ ಮಾಡಿ, "ನನ್ನ ಪುಟದಲ್ಲಿ ಬೇರೆಯವರ ಹೆಸರು ಬರ್ತಿದೆ" ಅಂದರು. ನಾನು ಲಾಗಿನ್ ಆಗಿ ನೋಡಿದೆ, ನನ್ನದೇ ಪುಟ ಬಂತು. ಬ್ರೌಸರ್ ಕ್ಯಾಶ್ ಇರಬೇಕು ಅಂತ ಹೇಳಿ ಕಳಿಸಿದೆ. ಆಮೇಲೆ ಇನ್ನೊಬ್ಬರು ಫೋನ್ ಮಾಡಿದರು. ಸುಮ್ನೆ ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ನೋಡಿದೆ. ಸರಿಯಾಗಿತ್ತು. ಯಾಕೆ ಸರಿಯಾಗಿತ್ತು ಅಂದರೆ, ರೀಸ್ಟಾರ್ಟ್ ಆದ ಮೇಲೆ ಬಂದ ಮೊದಲ ಸಂದರ್ಶಕ ನಾನೇ!

ಒಳಗೆ ನಡೆಯುತ್ತಿದ್ದುದು ಇದು. ರಿಜಿಸ್ಟ್ರಿ ನಿಮ್ಮ ಇಡೀ ಫೈಲನ್ನು ಒಂದು ಸಬ್‌ರೂಟೀನಿನೊಳಗೆ (ಹೆಸರಿಟ್ಟು ಕರೆಯಬಹುದಾದ ಕೋಡ್ ತುಂಡು, ಚಿಕ್ಕದಾಗಿ ಸಬ್) ಸುತ್ತಿಡುತ್ತದೆ. ಹಾಗಾಗಿ ಸ್ಕ್ರಿಪ್ಟಿನಲ್ಲಿ ನೀವು ಬರೆದ ಸಬ್‌ಗಳು ಇನ್ನೊಂದು ಸಬ್‌ನ ಹೊಟ್ಟೆಯೊಳಗೆ ಬಂದುಬಿಡುತ್ತವೆ. ನಮ್ಮ ಸ್ಕ್ರಿಪ್ಟಿನಲ್ಲಿ ಮೇಲ್ಗಡೆ ಸದಸ್ಯರ ನಂಬರನ್ನು ಒಂದು 'ಮೈ' (my) ವೇರಿಯಬಲ್‌ಗೆ, ಅಂದರೆ ತಾನಿರುವ ಕೋಡ್ ಭಾಗಕ್ಕೆ ಮಾತ್ರ ಸೇರಿದ ವೇರಿಯಬಲ್‌ಗೆ, ಹಾಕಿ, ಕೆಳಗಿನ ಸಬ್ ಅದನ್ನು ನೇರವಾಗಿ ಓದುತ್ತಿತ್ತು. ಹೆಸರಿರುವ ಒಳಗಿನ ಸಬ್ ಮೊದಲ ಸಲದ ವೇರಿಯಬಲನ್ನು ಹಿಡಿದುಕೊಂಡರೆ ಮತ್ತೆ ಬಿಡುವುದಿಲ್ಲ. ಎರಡನೇ ವ್ಯಕ್ತಿ ಬಂದಾಗ ಹೊರಗೆ ಹೊಸ ವೇರಿಯಬಲ್ ಹುಟ್ಟುತ್ತದೆ, ಒಳಗಿನ ಸಬ್ ಮಾತ್ರ ಹಳೆಯದನ್ನೇ ನೋಡುತ್ತಿರುತ್ತದೆ. ಸಿಜಿಐನಲ್ಲಿ ಪ್ರೊಸೆಸ್ಸೇ ಸಾಯುತ್ತಿದ್ದುದರಿಂದ ಇದು ಎಂದೂ ಗೊತ್ತಾಗಿರಲಿಲ್ಲ.

ಅಪಾಚೆಯ ಪ್ರಿಫೋರ್ಕ್ ಮಾದರಿಯಲ್ಲಿ ಚೈಲ್ಡ್ ಪ್ರೊಸೆಸ್‌ಗಳು (ಮುಖ್ಯ ಸರ್ವರ್ ಹುಟ್ಟುಹಾಕುವ, ಪುಟ ಕೊಡುವ ಪ್ರತಿಗಳು) ಹಲವಾರು. ಪ್ರತಿಯೊಂದಕ್ಕೂ ಅದರದೇ 'ಮೊದಲ ಸಂದರ್ಶಕ' ಇರುತ್ತಾರೆ. ಆ ಚೈಲ್ಡ್ ಸಾಯುವವರೆಗೂ ಅಲ್ಲಿಗೆ ಬಂದವರಿಗೆಲ್ಲ ಆ ಮೊದಲ ಸಂದರ್ಶಕರ ಪುಟವೇ. ಯಾರ ಪಾಲಿಗೆ ಯಾವ ಚೈಲ್ಡ್ ಅಂತ ಹೇಳಲಾಗದು. ಅದಕ್ಕೇ ದೂರು ಬಂದಾಗಲೆಲ್ಲ ತಪ್ಪು ನನ್ನ ಕೈಗೆ ಸಿಗುತ್ತಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದೂ ನನ್ನ ಒಂದೇ ಖಾತೆಯಿಂದ. ಮೊದಲ ಸಲವೂ ನಾನೇ, ನೂರನೇ ಸಲವೂ ನಾನೇ ಆದರೆ ತಪ್ಪು ಕಾಣುವುದಾದರೂ ಹೇಗೆ, ಅಲ್ವಾ?

ಪರ್ಲ್ ನನಗೆ ಹೇಳಿತ್ತು ಅನ್ನುವುದೇ ಜಾಸ್ತಿ ನೋವು. ಸರ್ವರಿನ ತಪ್ಪು, ಎಚ್ಚರಿಕೆಗಳು ದಾಖಲಾಗುವ ಎರರ್ ಲಾಗ್‌ನಲ್ಲಿ 'ವೇರಿಯಬಲ್ ವಿಲ್ ನಾಟ್ ಸ್ಟೇ ಶೇರ್ಡ್' (ವೇರಿಯಬಲ್ ಹಂಚಿಕೆಯಲ್ಲಿ ಉಳಿಯುವುದಿಲ್ಲ) ಎಂಬ ಸಾಲು ಇತ್ತು. ಅದು ಕಂಪೈಲ್ ಆಗುವಾಗ ಮಾತ್ರ ಬರುವ ವಾರ್ನಿಂಗ್. ಲಾಗ್ ತುಂಬ ಬೇರೆ ಸಣ್ಣಪುಟ್ಟ ವಾರ್ನಿಂಗುಗಳು ತುಂಬಿಕೊಂಡಿದ್ದರಿಂದ ಕಣ್ಣಿಗೆ ಬೀಳಲಿಲ್ಲ. ದಯವಿಟ್ಟು ಆ ಸಣ್ಣಪುಟ್ಟವನ್ನೆಲ್ಲ ಮೊದಲು ಸರಿ ಮಾಡಿ. ಆಮೇಲೆ ಈ ಸಾಲನ್ನು ಹುಡುಕಿ.

ತಪ್ಪು ಸಿಕ್ಕಿದ್ದು ಅಪಾಚೆಯನ್ನು ಒಂದೇ ಪ್ರೊಸೆಸ್‌ನಲ್ಲಿ ಓಡಿಸಿದಾಗ. ಮೈನಸ್ ದೊಡ್ಡ ಎಕ್ಸ್ (-X) ಆಯ್ಕೆ ಕೊಟ್ಟರೆ ಚೈಲ್ಡ್‌ಗಳೇ ಹುಟ್ಟುವುದಿಲ್ಲ. ಎರಡು ಬ್ರೌಸರ್ ತೆಗೆದು, ಎರಡು ಬೇರೆ ಖಾತೆಯಿಂದ ಲಾಗಿನ್ ಆದೆ. ಎರಡನೆಯದರಲ್ಲಿ ಮೊದಲನೆಯವರ ಪುಟ, ಪ್ರತಿ ಸಲವೂ! ಈ ಪರೀಕ್ಷೆಗೆ ಐದು ನಿಮಿಷ ಸಾಕು. ಇದನ್ನು ಮಾಡದೆ ಮಾಡ್‌ಪರ್ಲ್ ಸ್ಕ್ರಿಪ್ಟನ್ನು ಜನರ ಮುಂದೆ ಇಡಲೇಬೇಡಿ.

ಸರಿ ಮಾಡುವಾಗ ಇನ್ನೊಂದು ಸಲ ಎಡವಿದೆ. ಸಬ್‌ಗಳನ್ನೆಲ್ಲ ಪ್ರತ್ಯೇಕ ಮಾಡ್ಯೂಲಿಗೆ ಹಾಕಿ, ಬೇಕಾದ್ದನ್ನೆಲ್ಲ ಆರ್ಗ್ಯುಮೆಂಟ್ ಆಗಿ ಕೊಡುವಂತೆ ಬದಲಿಸಿದೆ. ಅದೇ ಸರಿಯಾದ ದಾರಿ. ಆದರೆ ಆ ಮಾಡ್ಯೂಲಿನಲ್ಲಿ ಒಂದು ಗ್ಲೋಬಲ್ ವೇರಿಯಬಲ್ (ಪುಟ ಕೊಟ್ಟ ಮೇಲೂ ಬೆಲೆ ಉಳಿಸಿಕೊಳ್ಳುವಂಥದ್ದು) ಉಳಿದುಹೋಗಿತ್ತು. ಅದನ್ನು ತಿದ್ದಿ ಸೇವ್ ಮಾಡಿ, ಮುಗಿಯಿತು ಅಂದುಕೊಂಡೆ. ರಿಜಿಸ್ಟ್ರಿ ಸ್ಕ್ರಿಪ್ಟ್ ಬದಲಾದರೆ ತಾನೇ ಗುರುತಿಸಿ ಮತ್ತೆ ಕಂಪೈಲ್ ಮಾಡುತ್ತದೆ, ಮಾಡ್ಯೂಲ್ ಬದಲಾದರೆ ಮಾಡುವುದಿಲ್ಲ. ಒಮ್ಮೆ ಲೋಡ್ ಆದದ್ದನ್ನು ಪರ್ಲ್ ಮತ್ತೆ ಓದುವುದಿಲ್ಲ. ಹೀಗಾಗಿ ಹಳೆಯ ಚೈಲ್ಡ್‌ಗಳಲ್ಲಿ ಹಳೆಯ ಕೋಡ್, ಹೊಸದರಲ್ಲಿ ಹೊಸ ಕೋಡ್. ಮತ್ತೆ ದೂರು ಬಂತು. ಮಾಡ್ಯೂಲ್ ಮುಟ್ಟಿದರೆ ರೀಸ್ಟಾರ್ಟ್ ಮಾಡಲೇಬೇಕು.

ಕೋಡ್ ತಿದ್ದಲು ಸಮಯವಿಲ್ಲದಿದ್ದರೆ ರಿಜಿಸ್ಟ್ರಿ ಬದಲು ಪರ್ಲ್‌ರನ್ ಹ್ಯಾಂಡ್ಲರ್ ಹಾಕಿ. ಅದು ಸ್ಕ್ರಿಪ್ಟನ್ನು ಪ್ರತಿ ಸಲವೂ ಕಂಪೈಲ್ ಮಾಡುತ್ತದೆ. ರಿಜಿಸ್ಟ್ರಿಯಷ್ಟು ವೇಗವಿಲ್ಲ, ಆದರೂ ಸಿಜಿಐಗಿಂತ ವಾಸಿ. 'ಮ್ಯಾಕ್ಸ್ ಕನೆಕ್ಷನ್ಸ್ ಪರ್ ಚೈಲ್ಡ್' (ಒಂದು ಚೈಲ್ಡ್ ಸಾಯುವ ಮೊದಲು ಎಷ್ಟು ಕನೆಕ್ಷನ್ ನೋಡಿಕೊಳ್ಳಬೇಕೆಂಬ ಮಿತಿ) ಕಡಿಮೆ ಮಾಡಿ ಚೈಲ್ಡ್‌ಗಳನ್ನು ಬೇಗ ಸಾಯಿಸುವುದು ಪರಿಹಾರವಲ್ಲ. ಮೆಮೊರಿ ಬೆಳೆಯುತ್ತಾ ಹೋಗುವುದನ್ನು ತಡೆಯಲು ಅದು ಒಳ್ಳೆಯದು. ಇಂಥ ತಪ್ಪನ್ನು ಮಾತ್ರ ಅದು ಮುಚ್ಚಿಡುತ್ತದೆ.

ಇನ್ನೊಂದು ಮಾತು. ಸರ್ವರ್ ಶುರುವಾಗುವಾಗಲೇ, ಅಂದರೆ ಫೋರ್ಕ್‌ಗೆ (ಚೈಲ್ಡ್‌ಗಳು ಹುಟ್ಟುವುದಕ್ಕೆ) ಮೊದಲೇ ಡೇಟಾಬೇಸ್ ಕನೆಕ್ಷನ್ ತೆರೆದರೆ ಎಲ್ಲ ಚೈಲ್ಡ್‌ಗಳೂ ಒಂದೇ ಸಾಕೆಟ್ (ಡೇಟಾಬೇಸ್ ಜೊತೆ ಮಾತಾಡುವ ಕೊಂಡಿ) ಹಂಚಿಕೊಳ್ಳುತ್ತವೆ. ಒಬ್ಬರು ಕೇಳಿದ್ದರ ಉತ್ತರ ಇನ್ನೊಬ್ಬರಿಗೆ ಹೋಗಬಹುದು. ಕನೆಕ್ಷನನ್ನು ಚೈಲ್ಡ್ ಹುಟ್ಟಿದ ಮೇಲೆ ತೆರೆಯಿರಿ. ಮಾಡ್‌ಪರ್ಲ್ ಬಿಟ್ಟು ಪ್ಲ್ಯಾಕ್, ಸ್ಟಾರ್‌ಮನ್‌ನಂಥ ಬೇರೆ ಪರ್ಲ್ ವೆಬ್ ಸಾಧನಗಳ ಕಡೆ ಹೋದರೂ ಪ್ರೊಸೆಸ್ ಬದುಕಿಯೇ ಇರುತ್ತದೆ, ಅಲ್ಲೂ ಇದೇ ಎಚ್ಚರ ಬೇಕು.

ಯಾರ ವಿವರ ಯಾರಿಗೆ ಹೋಯಿತು ಅಂತ ಆಮೇಲೆ ಆಕ್ಸೆಸ್ ಲಾಗ್ (ಪುಟ ಕೇಳಿದವರ ದಾಖಲೆ) ತೆಗೆದು ಕೂತೆ. ಯಾರು ಕೇಳಿದರು ಅನ್ನುವುದು ಅದರಲ್ಲಿತ್ತು, ಯಾರ ಪುಟ ಹೋಯಿತು ಅನ್ನುವುದು ಇರಲಿಲ್ಲ. ಯಾವ ಪ್ರೊಸೆಸ್ ಉತ್ತರಿಸಿತು ಎಂಬುದೂ ಇರಲಿಲ್ಲ. ಕೊನೆಗೆ ಆ ದಿನಗಳಲ್ಲಿ ಲಾಗಿನ್ ಆಗಿದ್ದ ಎಲ್ಲ ಸದಸ್ಯರಿಗೂ, ನಿಮ್ಮ ವಿವರ ಬೇರೆಯವರು ನೋಡಿರಬಹುದು ಅಂತ ಒಬ್ಬೊಬ್ಬರಿಗೇ ಪತ್ರ ಬರೆದೆ. ಈಗ ನಮ್ಮ ಆಕ್ಸೆಸ್ ಲಾಗ್‌ನ ಪ್ರತಿ ಸಾಲಿನಲ್ಲೂ ಪ್ರೊಸೆಸ್ ನಂಬರ್ ಇದೆ, ತೋರಿಸಿದ ಖಾತೆಯ ನಂಬರೂ ಇದೆ.