ಟೊಮೆಟೊ ಹಣ್ಣು ಮಾಡುವ ಎಥಿಲಿನ್ ಪ್ಯಾಕೆಟ್: ಕೆಲವು ಬೇಸಿಗೆ ಬಳಸಿದ ಮೇಲೆ

ಪ್ಯಾಕೆಟ್ ಕೆಲಸ ಮಾಡುತ್ತದೆ, ಅನುಮಾನ ಬೇಡ. ಆದರೆ ಒಳ್ಳೆ ಕೆಂಪು ಬರಲಿ ಅಂತ ಕೊಳ್ಳುವವರು ಮೊದಲು ಕ್ರೇಟ್ ಎಲ್ಲಿ ಇಡುತ್ತೀರಿ ಅಂತ ಯೋಚಿಸಿ.

ನಮ್ಮದು ಬ್ರಹ್ಮಾವರದ ಹತ್ತಿರ. ನೆಲದಲ್ಲಿ ಸೊರಗು ರೋಗದ ಕಾಟ, ಹಾಗಾಗಿ ಮಳೆ ಬಿಟ್ಟ ಮೇಲೆ ಗ್ರೋಬ್ಯಾಗಿನಲ್ಲಿ ಟೊಮೆಟೊ ಹಾಕುತ್ತೇವೆ. ಗಿಡದಲ್ಲೇ ಹಣ್ಣಾಗಲು ಬಿಟ್ಟರೆ ಹಕ್ಕಿಗಳ ಪಾಲು, ಅದಕ್ಕೇ ಬಲಿತ ಕಾಯಿ ಕೊಯ್ದು ಒಳಗೆ ಹಣ್ಣು ಮಾಡುವುದು.

ಪ್ಯಾಕೆಟಿನಲ್ಲಿರುವುದು ಎಥಿಫಾನ್ ಪುಡಿ. ಒದ್ದೆ ಮಾಡಿದರೆ ಎಥಿಲಿನ್ ಗ್ಯಾಸ್ ಬಿಡುತ್ತದೆ. ಟೊಮೆಟೊ ಹಣ್ಣಾಗುವಾಗ ತಾನೇ ಬಿಡುವ ಗ್ಯಾಸೂ ಇದೇ. ಹೊರಗಿನಿಂದ ಸ್ವಲ್ಪ ಸಿಕ್ಕಿದರೆ ಸಾಕು, ಬಲಿತ ಕಾಯಿ ತನ್ನದೇ ಎಥಿಲಿನ್ ಮಾಡಲು ಶುರು ಮಾಡುತ್ತದೆ. ಸುಮ್ನೆ ಇಟ್ಟ ಕ್ರೇಟಿನಲ್ಲಿ ಒಂದು ಇವತ್ತು, ಇನ್ನೊಂದು ಮುಂದಿನ ವಾರ ಅಂತ ಹಣ್ಣಾಗುತ್ತವೆ. ಪ್ಯಾಕೆಟ್ ಇಟ್ಟದ್ದರಲ್ಲಿ ಹೆಚ್ಚುಕಡಿಮೆ ಎಲ್ಲ ಒಟ್ಟಿಗೆ. ಎಳೆ ಕಾಯಿ ಹಾಕಬೇಡಿ, ಬಣ್ಣ ತಿರುಗಿದರೂ ರುಚಿ ಬರುವುದಿಲ್ಲ. ಒಂದು ಕಾಯಿ ಅಡ್ಡ ಕೊಯ್ದು ನೋಡಿ, ಬೀಜದ ಸುತ್ತ ಲೋಳೆ ತುಂಬಿ, ಬೀಜ ಚಾಕುವಿಗೆ ಸಿಗದೆ ಜಾರಿದರೆ ಬಲಿತಿದೆ ಅಂತ ಅರ್ಥ.

ಈಗ ಬಣ್ಣದ ವಿಷಯ. ಹಸಿರು ಹೋಗುವುದು ಬೇರೆ, ಕೆಂಪು ಬರುವುದು ಬೇರೆ. ಎಥಿಲಿನ್ ಎರಡನ್ನೂ ಶುರು ಮಾಡಿಸುತ್ತದೆ ನಿಜ, ಆದರೆ ಕೆಂಪು ಕೊಡುವ ಲೈಕೋಪೀನ್ 30 ಡಿಗ್ರಿ ದಾಟಿದರೆ ಸರಿಯಾಗಿ ತಯಾರಾಗುವುದಿಲ್ಲ, ಹಳದಿ-ಕಿತ್ತಳೆ ಬಣ್ಣದ ಬೀಟಾ ಕೆರೋಟಿನ್ ಮಾತ್ರ ಆಗುತ್ತಾ ಇರುತ್ತದೆ. ಏಪ್ರಿಲ್‌ನಲ್ಲಿ ಶೀಟ್ ಮಾಡಿನ ಕೆಳಗೆ ಇಟ್ಟ ಕ್ರೇಟ್ ಪೂರ್ತಿ ಕಿತ್ತಳೆಯಾಗಿತ್ತು, ಅದೇ ದಿನ ಕೊಯ್ದು ಹಂಚಿನ ಮನೆಯ ಒಳಕೋಣೆಯಲ್ಲಿ ನೆಲದ ಮೇಲೆ ಇಟ್ಟದ್ದು ಎಷ್ಟೋ ಕೆಂಪಾಗಿತ್ತು, ಪ್ಯಾಕೆಟ್ ಎರಡಕ್ಕೂ ಒಂದೇ. 20ರಿಂದ 25 ಡಿಗ್ರಿ ಸಿಕ್ಕಿದರೆ ಬಣ್ಣ ಚೆನ್ನಾಗಿ ಬರುತ್ತದೆ. ನಮ್ಮ ಕರಾವಳಿಯ ಬೇಸಿಗೆಯಲ್ಲಿ ಅದು ಕಷ್ಟ, ಅಲ್ವಾ? ಹಾಗಂತ ಫ್ರಿಜ್‌ನಲ್ಲಿ ಇಡಬೇಡಿ, ಅಷ್ಟು ತಂಪಿಗೆ ಕಾಯಿ ಹಣ್ಣಾಗುವುದೇ ನಿಲ್ಲುತ್ತದೆ.

ಒಂದು ಅಂಗಡಿಯಲ್ಲಿ ಎಥಿಫಾನ್ ದ್ರಾವಣದಲ್ಲೇ ಕಾಯಿ ಅದ್ದಿ ತೆಗೆಯಿರಿ, ಸಲೀಸು ಅಂದರು. ದಯವಿಟ್ಟು ಹಾಗೆ ಮಾಡಬೇಡಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಒಪ್ಪಿರುವುದು ಗ್ಯಾಸನ್ನು ಮಾತ್ರ, ಅದೂ 100 ಪಿಪಿಎಂ ಒಳಗೆ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ. ಪುಡಿಯಾಗಲಿ ದ್ರಾವಣವಾಗಲಿ ಹಣ್ಣಿಗೆ ತಾಗಬಾರದು. ನಾನು ಪ್ಯಾಕೆಟನ್ನು ತೂತು ಮಾಡಿದ ಸಣ್ಣ ಡಬ್ಬಿಯಲ್ಲಿ ಇಡುತ್ತೇನೆ. ಮನೆಗೆ ನಾಲ್ಕು ಕಾಯಿ ಮಾತ್ರ ಇದ್ದರೆ ಪ್ಯಾಕೆಟೇ ಬೇಡ, ಒಂದು ಮಾಗಿದ ಬಾಳೆಹಣ್ಣು ಜೊತೆಗಿಟ್ಟರೆ ಸಾಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕವರಿನ ಮೇಲೆ ಕೆಂಪು ಹಣ್ಣಿನ ಚಿತ್ರ ದೊಡ್ಡದಾಗಿ ಉಂಟು, ಎಷ್ಟು ಬಿಸಿಯಲ್ಲಿ ಇಡಬೇಕು ಅಂತ ಒಂದಕ್ಷರ ಇಲ್ಲ. ಅದಕ್ಕೇ ಒಂದು ಕಡಿಮೆ.